ಹಲಗೆಯ ದಪ್ಪ

ಕಿಟಕಿಯಿಂದ ಹೊರಗೆ ಬಿಟ್ಟ ಹಗ್ಗ ಇನ್ನೂ ನೆಲ ಮುಟ್ಟಿರಲಿಲ್ಲ, ಅಷ್ಟರಲ್ಲಿ ಅವಳು ಅದರ ಮೇಲಿನ ತುದಿ ಹಿಡಿದು ಸರಸರನೆ ಒಳಕ್ಕೆಳೆದುಕೊಂಡಳು.

"ಬೀರು ಇಳಿಸಿದ ಹಾಗೆ ಇಳಿಸ್ತೀರಾ ಅವರನ್ನ? ನಾನು ಬದುಕಿರೋವರೆಗೂ ಅದು ಆಗಲ್ಲ."

ಮೇಲಿನ ಕೋಣೆಯಲ್ಲಿದ್ದ ಗಂಡಸರು ಮುಖ ಮುಖ ನೋಡಿಕೊಂಡರು. ಅಳಿಯ, ಪಕ್ಕದ ಮನೆಯ ಟೈಲರ್, ಶವದ ಗಾಡಿಯ ಡ್ರೈವರ್, ಕೊನೆಗೆ ಗಂಡನ ಅಣ್ಣ. ಅವರ ನಡುವೆ ಸ್ಟ್ರೆಚರಿನ ಮೇಲೆ, ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಅವಳ ಗಂಡ ಮಲಗಿದ್ದ. ನಿನ್ನೆ ಊಟ ಮುಗಿಸಿ, ಒಂದು ಗಳಿಗೆ ಅಡ್ಡಾಗ್ತೀನಿ ಎಂದು ಮೇಲೆ ಬಂದವನು ಏಳಲೇ ಇಲ್ಲ.

"ಹಠ ಮಾಡೋ ಹೊತ್ತಲ್ಲಮ್ಮ ಇದು," ಎಂದರು ಭಾವ, ಅವಳ ಕಡೆ ನೋಡದೆ, ಗೋಡೆಗೆ ಹೇಳುವಂತೆ. ಅವರು ಕಟ್ಟಡದ ಗುತ್ತಿಗೆದಾರರು. ಊರಲ್ಲಿ ಅರ್ಧ ಮನೆಗಳನ್ನು ಅವರೇ ಎಬ್ಬಿಸಿದ್ದು. "ಈ ಮೆಟ್ಟಿಲು ಬರೀಗೈಲಿ ಇಳಿಯೋದೇ ಕಷ್ಟ. ಹೆಣ ಹೊತ್ಕೊಂಡು ಇಳಿಯೋ ಮೆಟ್ಟಿಲಾ ಇದು?"

"ಅವರೇ ಮಾಡಿದ ಮೆಟ್ಟಿಲು. ಅದರಲ್ಲೇ ಇಳಿದು ಹೋಗ್ತಾರೆ."

ಅಂದಳೇನೋ ನಿಜ. ಕಣ್ಣು ಮಾತ್ರ ಕಿಟಕಿಯಾಚೆಗೇ ಹೋಗುತ್ತಿತ್ತು. ಕೆಳಗೆ ಬೀದಿಯ ಜನವೆಲ್ಲ ನೆರೆದಿತ್ತು. ಆ ಬೀದಿ ಅವಳ ಗಂಡನಿಗೆ ಇಟ್ಟ ಹೆಸರು ರಿಪೇರಿರಾಯ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಅವನದು, ರಜೆ ಬಂತೆಂದರೆ ಕೈಗೆ ಸುತ್ತಿಗೆ ಬರುತ್ತಿತ್ತು. ಅವನು ಕೈಯಾಡಿಸಿದ ನಲ್ಲಿ ಸೋರುವುದು ನಿಲ್ಲುತ್ತಿತ್ತು, ಜೊತೆಗೆ ನೀರು ಬರುವುದೂ ನಿಲ್ಲುತ್ತಿತ್ತು. ನಡುಮನೆಯ ದೀಪ ಹಚ್ಚಬೇಕಾದರೆ ಬಚ್ಚಲಿನ ಪಕ್ಕಕ್ಕೆ ಹೋಗಿ ಸ್ವಿಚ್ಚು ಒತ್ತಬೇಕಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವವನು ಎಂದು ಬೀದಿಯವರು ನಗುತ್ತಿದ್ದರು. ಅವನೂ ಅವರ ಜೊತೆ ಸೇರಿ ನಗುತ್ತಿದ್ದ. ಅವಳಿಗೆ ಮಾತ್ರ ಆ ನಗು ಒಂದು ದಿನವೂ ಜೀರ್ಣವಾಗಲಿಲ್ಲ.

ಈಗ ಹಗ್ಗ ಕಟ್ಟಿ ಇಳಿಸಿದರೆ, ತಾನು ಮಾಡಿದ ಮೆಟ್ಟಿಲಲ್ಲಿ ತಾನೇ ಇಳಿಯಲಾಗದೆ ಹೋದ ಎಂದು ನಗುತ್ತಾರೆ. ಮೆಟ್ಟಿಲಲ್ಲಿ ಇಳಿಸುವಾಗ ಯಾರಾದರೂ ಜಾರಿದರೆ ಹೋಗುವಾಗಲೂ ಬಿದ್ದ ನೋಡು ಅನ್ನುತ್ತಾರೆ. ಮೊದಲನೆಯದಕ್ಕೆ ಅವಳು ಸುತರಾಂ ಒಪ್ಪುವುದಿಲ್ಲ. ಎರಡನೆಯದು ಆಗದ ಹಾಗೆ ತಾನೇ ನೋಡಿಕೊಳ್ಳಬೇಕು.

ಅವಳು ಹಗ್ಗ ಬಿಟ್ಟುಕೊಡಲಿಲ್ಲ, ಕೊನೆಗೆ ಮೆಟ್ಟಿಲೇ ಎಂದಾಯಿತು. ಅದು ಒಬ್ಬರ ಅಗಲಕ್ಕಷ್ಟೇ ಇತ್ತು. ಮುಂದೆ ಒಬ್ಬ, ಹಿಂದೆ ಒಬ್ಬ. ಮುಂದಿನವನು ಹಿಮ್ಮುಖವಾಗಿ ಇಳಿಯಬೇಕು, ಭಾರವೆಲ್ಲ ಅವನ ಮೇಲೇ. ಅಳಿಯ ಮುಂದೆ ಬಂದ. ಭಾವ ಅವನನ್ನು ಪಕ್ಕಕ್ಕೆ ಸರಿಸಿದರು.

"ನೀನು ತಲೆ ಕಡೆ ಹಿಡಿ. ಇವನ ಕಾಲ ಕಡೆ ನಾನಿರ್ತೀನಿ. ಬಿದ್ರೆ ನನ್ನ ಮೇಲೇ ಬೀಳಲಿ."

"ದೊಡ್ಡಪ್ಪಾ, ನಿಮ್ಮ ಕಾಲು..." ಎಂದಳು ಮಗಳು ಕೆಳಗಿನಿಂದ.

"ನನ್ನ ಕಾಲಿನ ಚಿಂತೆ ನನಗಿರಲಿ."

ಅವರ ಎಡಪಾದದ ಕೀಲು ದಪ್ಪಗೆ ಊದಿಕೊಂಡಂತೆ ಇತ್ತು, ಸರಿಯಾಗಿ ಮಡಿಸಲು ಬರುತ್ತಿರಲಿಲ್ಲ. ಅದು ಮುರಿದದ್ದು ಇದೇ ಮೆಟ್ಟಿಲಲ್ಲಿ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

*

ಮಗಳಿಗೆ ಓದಿಕೊಳ್ಳಲು ಒಂದು ಕೋಣೆ ಬೇಕು ಎಂದಾಗ ಆ ಮೆಟ್ಟಿಲಿನ ಮಾತು ಎದ್ದಿತ್ತು. ಅಲ್ಲಿಯವರೆಗೆ ಮೇಲಕ್ಕೆ ಹತ್ತಲು ಏಣಿಯೇ ಗತಿ. ನನ್ನ ಆಳುಗಳನ್ನು ಕಳಿಸುತ್ತೇನೆ ಎಂದು ಭಾವ ಹೇಳಿಕಳಿಸಿದರು. ಇವನು ಬಿಲ್‌ಕುಲ್ ಒಪ್ಪಲಿಲ್ಲ.

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ನೆಲದಿಂದ ಮೇಲಿನ ಕೋಣೆಯವರೆಗಿನ ಎತ್ತರವನ್ನು ಸಮನಾಗಿ ಹಂಚಿದ. ಎರಡು ಪಕ್ಕದ ತೊಲೆಗಳನ್ನು ಆ ಲೆಕ್ಕದಂತೆ ಕಚ್ಚು ಹಾಕಿ ಕೊಯ್ದ. ಗಟ್ಟಿಯಾಗಿರಲಿ ಎಂದು ಮೂರು ಬೆರಳು ದಪ್ಪದ ಹಲಗೆಗಳನ್ನು ತಂದು ಕಚ್ಚುಗಳ ಮೇಲೆ ಒಂದೊಂದಾಗಿ ಕೂರಿಸಿದ. ಎಲ್ಲ ಮುಗಿಸಿ, ಹೆಂಡತಿ ಮಗಳನ್ನು ಕರೆದು ನಿಲ್ಲಿಸಿ, ಮದುಮಗನಂತೆ ಹತ್ತಿ ಇಳಿದ. ಇಳಿದವನು ಕೊನೆಯ ಮೆಟ್ಟಿಲಲ್ಲಿ ಮುಗ್ಗರಿಸಿ ಅವಳ ತೋಳಿಗೆ ಬಿದ್ದ.

ಲೆಕ್ಕವೆಲ್ಲ ಸರಿಯಾಗಿತ್ತು, ಹಲಗೆಯ ದಪ್ಪ ಒಂದನ್ನು ಬಿಟ್ಟು. ನಡುವಿನ ಮೆಟ್ಟಿಲುಗಳ ಎತ್ತರವೆಲ್ಲ ಸಮ, ಎಲ್ಲಕ್ಕಿಂತ ಮೇಲಿನದು ಮೂರು ಬೆರಳು ಕಮ್ಮಿ, ಎಲ್ಲಕ್ಕಿಂತ ಕೆಳಗಿನದು ಮೂರು ಬೆರಳು ಜಾಸ್ತಿ. ನೆಲ ಸಿಕ್ಕಿತು ಎಂದು ಇಟ್ಟ ಕಾಲು ಗಾಳಿಯಲ್ಲಿ ಇಳಿಯುತ್ತಿತ್ತು. ಕೆಳಗೊಂದು ಹಲಗೆ ಹಾಸಿ ನೋಡಿದ. ಅಡುಗೆಮನೆಯ ಬಾಗಿಲು ತೆರೆಯಲಿಲ್ಲ.

ಕೈಯಿಂದ ಆಗದ ರಿಪೇರಿಯನ್ನು ಮನೆಯವರು ಬಾಯಿಂದ ಮಾಡಿಕೊಂಡರು. ಯಾರೇ ಇಳಿಯಲಿ, ಕೆಳಗೆ ಇದ್ದವರು "ದೊಡ್ಡದು!" ಎಂದು ಕೂಗಬೇಕು. ಒಲೆ ಮುಂದಿದ್ದರೂ ಸರಿ, ಬಾಯಲ್ಲಿ ತುತ್ತಿದ್ದರೂ ಸರಿ. ಕೂಗಿದರೆ ಸಾಕು, ಕಾಲು ತಾನೇ ಹುಷಾರಾಗುತ್ತಿತ್ತು.

ಭಾವ ನೋಡಲು ಬಂದದ್ದು ಒಂದು ಭಾನುವಾರ, ನಾಲ್ಕು ಜನ ನೆಂಟರೂ ಇದ್ದರು. ಒಂದೊಂದು ಹಲಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತ ಮೇಲೆ ಹತ್ತಿದರು. ಅಲ್ಲಿಂದಲೇ ಎಲ್ಲರಿಗೂ ಕೇಳುವಂತೆ, "ಕಾಗದ ವಿಂಗಡಿಸೋ ಕೈಗೆ ಗರಗಸ ಕೊಟ್ರೆ ಇನ್ನೇನಾಗತ್ತೆ? ನಾಳೆ ಇದನ್ನ ಕಿತ್ತು ಒಲೆಗೆ ಹಾಕು. ಅದಕ್ಕಾದ್ರೂ ಉಪಯೋಗಕ್ಕೆ ಬರತ್ತೆ," ಎಂದರು. ನೆಂಟರು ನಕ್ಕರು. ಗಂಡನೂ ತಲೆ ತಗ್ಗಿಸಿಕೊಂಡು ನಕ್ಕ.

ಮಾತು ನಿಲ್ಲಿಸದೆಯೇ ಭಾವ ಇಳಿದು ಬಂದರು. ಗಂಡ ಮೇಲೆಯೇ ಇದ್ದ. ಕೆಳಗೆ, ಮೆಟ್ಟಿಲಿನ ಬುಡದಲ್ಲಿ, ಚಹಾದ ತಟ್ಟೆ ಹಿಡಿದು ನಿಂತವಳು ಅವಳು. ಭಾವನ ಕಾಲು ಕೊನೆಯ ಮೆಟ್ಟಿಲಿಗೆ ಬಂತು. ಆ ಮಾತು ಅವಳ ನಾಲಿಗೆಯ ತುದಿಗೂ ಬಂತು. ಅದನ್ನು ಅವಳು ನುಂಗಿಕೊಂಡಳು.

ಒಂದು ಸಲ ಮುಗ್ಗರಿಸಲಿ, ಸೊಕ್ಕು ಇಳಿಯಲಿ, ಅಷ್ಟೇ ಅಂದುಕೊಂಡಿದ್ದಳು. ಮೂಳೆ ಮುರಿದ ಸದ್ದು ಮೇಲಿನ ಕೋಣೆಯವರೆಗೂ ಕೇಳಿಸಿತು.

ಗಂಡ ಓಡಿ ಬಂದು ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನನ್ನ ತಪ್ಪಣ್ಣ, ಹೇಳೋದು ಮರೆತೆ," ಎಂದ. ಹೇಳಬೇಕಾದವರು ಯಾರು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಲ ಅವಳ ಮುಖ ನೋಡಿದ. ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಬೇಕೆಂದೇ ನನ್ನನ್ನು ಬೀಳಿಸಿದ ಎಂದು ಭಾವ ಈ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟರು. ಒಂದೇ ಬಟ್ಟಲಲ್ಲಿ ಉಂಡ ಅಣ್ಣ ತಮ್ಮ ಮದುವೆ ಮನೆಗಳಲ್ಲಿ ಎದುರಾದರೆ ಬರೀ ಮುಖಪರಿಚಯದವರಂತೆ ತಲೆಯಾಡಿಸಿ ಸರಿದುಹೋಗುತ್ತಿದ್ದರು. ಹೇಳಬೇಕು ಎಂದು ಅವಳು ಎಷ್ಟೋ ಸಲ ಅಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎನ್ನುವುದು ಸುಳ್ಳಲ್ಲ.

*

"ಎತ್ತಿ," ಎಂದರು ಭಾವ.

ಸ್ಟ್ರೆಚರ್ ಮೆಟ್ಟಿಲಿಗೆ ಬಂತು. ತಲೆಯ ಕಡೆ ಅಳಿಯ, ಅವನ ಬೆಲ್ಟು ಹಿಡಿದು ಡ್ರೈವರ್. ಮೇಲೆ ನಿಂತ ಟೈಲರ್ "ನಿಧಾನ, ನಿಧಾನ" ಎನ್ನುತ್ತಿದ್ದ, ಅವನಿಂದ ಆಗುತ್ತಿದ್ದ ಸಹಾಯ ಅಷ್ಟೇ. ಕಾಲ ಕಡೆ ಭಾವ, ಹಿಮ್ಮುಖವಾಗಿ. ಅವರ ಹಿಂದೆ, ಒಂದು ಮೆಟ್ಟಿಲು ಕೆಳಗೆ, ಅವರ ಬೆನ್ನಿಗೆ ಅಂಗೈ ಕೊಟ್ಟು ಅವಳು.

"ಮೊದಲನೇದು ಚಿಕ್ಕದು ಭಾವ. ಹಾಂ. ಇನ್ನು ಸಮ. ಇಡಿ. ಇಡಿ."

ಅಂಗಿ ಬೆವರಿನಿಂದ ಒದ್ದೆಯಾಗಿ ಅವಳ ಅಂಗೈಗೆ ಅಂಟುತ್ತಿತ್ತು. ಪ್ರತಿ ಹೆಜ್ಜೆಗೂ ಹಲಗೆ ಕಿರುಗುಟ್ಟಿತು. ನಡುವಿನಲ್ಲಿ ಅಳಿಯನ ಮೊಣಕೈ ಗೋಡೆಗೆ ತಗುಲಿ ಸ್ಟ್ರೆಚರ್ ವಾಲಿತು. ಕೆಳಗೆ ನಿಂತ ಹೆಂಗಸರು ಹೋ ಎಂದರು. ಭಾವ ಎದೆ ಕೊಟ್ಟು ತಡೆದರು. ತಮ್ಮನ ಪಾದಗಳು ಅವರ ಗದ್ದಕ್ಕೆ ತಾಗಿದವು.

ಅವಳು ನೆಲ ಮುಟ್ಟಿದಳು. ಭಾವ ಕೊನೆಯ ಮೆಟ್ಟಿಲ ಮೇಲಿದ್ದರು.

"ದೊಡ್ಡದು, ಭಾವ," ಎಂದಳು.

ಭಾವ ಅಲ್ಲೇ ನಿಂತುಬಿಟ್ಟರು.

"ಈ ಒಂದು ಮಾತು," ಎಂದರು, "ಆವತ್ತು ಈ ಒಂದು ಮಾತು ಹೇಳಿದ್ರೆ ಇವನ ಗಂಟೇನು ಹೋಗ್ತಿತ್ತು?"

"ಮಾವ, ಕೈ ಸೋಲ್ತಿದೆ," ಎಂದ ಅಳಿಯ ಮೇಲಿನಿಂದ.

ಸುಮ್ಮನಿದ್ದರೆ ಒಂದು ಗಳಿಗೆಯಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಗಂಡ ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಇದ್ದಾಗಲೂ ಹೇಳಿರಲಿಲ್ಲ. ಆದರೆ ಆ ತಪ್ಪನ್ನು ಹೊತ್ತುಕೊಂಡೇ ಅವನು ಈ ಮನೆಯಿಂದ ಹೊರಗೆ ಹೋಗುವುದು ಅವಳಿಂದ ನೋಡಲಾಗಲಿಲ್ಲ.

"ಹೇಳ್ಬೇಕಾಗಿದ್ದು ಅವರಲ್ಲ ಭಾವ. ಕೆಳಗೆ ನಿಂತೋರು ಹೇಳ್ಬೇಕು. ಕೆಳಗೆ ನಿಂತಿದ್ದವಳು ನಾನು."

"ಮರೆತೆಯಾ?"

"ಇಲ್ಲ. ಬೀಳಲಿ ಅಂತ ಸುಮ್ನಿದ್ದೆ."

ಅವಳ ಅಂಗೈಯ ಅಡಿ ಅವರ ಬೆನ್ನು ಕಲ್ಲಾಯಿತು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ಎದುರಿಗಿದ್ದ ತಮ್ಮನ ಮುಖವನ್ನೇ ನೋಡುತ್ತ ನಿಂತರು. ಈಗ ಕೈ ಬಿಟ್ಟರೂ ಬಿಟ್ಟಾರು ಎಂದು ಅವಳಿಗೆ ಅನ್ನಿಸಿತು. ಎರಡೂ ಕೈ ಚಾಚಿ ಸಿದ್ಧಳಾದಳು.

"ಕತ್ತೆ," ಎಂದರು ಭಾವ, ಅವಳಿಗಲ್ಲ. "ಇಷ್ಟು ವರ್ಷ. ನನಗೆ ಒಂದು ಮಾತು ಹೇಳ್ಬಾರ್ದಿತ್ತೇನೋ?"

ಆಮೇಲೆ ಎಡಗಾಲನ್ನು ಕೆಳಗೆ ಬಿಟ್ಟರು. ಕೀಲು ಬಗ್ಗಲಿಲ್ಲ. ಬೆರಳುಗಳು ನೆಲಕ್ಕಾಗಿ ತಡಕಾಡಿದವು, ನೆಲ ಸಿಗಲಿಲ್ಲ. ಸ್ಟ್ರೆಚರ್ ಮತ್ತೆ ವಾಲತೊಡಗಿತು.

ಅವಳು ಅಲ್ಲೇ ಮಂಡಿಯೂರಿದಳು. ಗಂಟು ಕಟ್ಟಿದ ಆ ಕೀಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಅಂಗಾಲಿನ ಅಡಿಗೆ ಕೊಟ್ಟಳು.

"ಇನ್ನೂ ಕೆಳಗೆ ಭಾವ. ಇನ್ನೊಂಚೂರು. ಹೆದರಬೇಡಿ, ನಾನು ಹಿಡಿದಿದೀನಿ. ಈಗ ಬಿಡಿ ಭಾರ."

ಭಾವ ಭಾರ ಬಿಟ್ಟರು. ತಮ್ಮನದೂ ತಮ್ಮದೂ ಸೇರಿ ಇದ್ದ ಭಾರವೆಲ್ಲ ಆ ಒಂದು ಕಾಲಿಗೆ ಇಳಿದು, ಕಾಲು ನೆಲಕ್ಕೆ ಕೂತಿತು. ಅವಳ ಬೆರಳುಗಳು ಇನ್ನೂ ಅಂಗಾಲಿನ ಅಡಿಯಲ್ಲೇ ಇದ್ದವು. ಅವಳು ಎಳೆದುಕೊಳ್ಳಲಿಲ್ಲ.