ಸಾವಿನ ಮನೆಯಿಂದ ಪರೀಕ್ಷೆಗೆ

ಮಗ ತೀರಿಕೊಂಡು ತಿಂಗಳೂ ಆಗಿರಲಿಲ್ಲ, ಸೊಸೆಯ ಪರೀಕ್ಷೆಯ ದಿನ ಬಂದುಬಿಟ್ಟಿತು. ಅವಳು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಈ ಪರೀಕ್ಷೆ ಗೆದ್ದು ಪ್ರಮಾಣಪತ್ರ ಪಡೆದರೆ ವೈದ್ಯರ ಪಕ್ಕದಲ್ಲಿ ನಿಲ್ಲುವ ತಂತ್ರಜ್ಞೆ. ಇಲ್ಲವಾದರೆ ಬೋನು ತೊಳೆಯುವುದಷ್ಟೇ, ಸೂಜಿ ಮುಟ್ಟುವಂತಿಲ್ಲ.

ನನ್ನ ತಮ್ಮ ಬಾಗಿಲಿಗೆ ಅಡ್ಡ ನಿಂತ.

"ಅಕ್ಕಾ, ಕಣ್ಣೀರೇ ಆರಿಲ್ಲ, ಇವಳು ನಾಯಿ ಕಾಲು ಹಿಡಿಯೋಕೆ ಹೊರಟಳಲ್ಲ! ಜನ ಏನಂತಾರೆ?"

"ಜನ ಅನ್ನೋದನ್ನ ಅಂದ್ಕೊಳ್ಳಲಿ. ದಾರಿ ಬಿಡು."

"ದಿನಾ ದೇವರ ಮುಂದೆ ಕೂರೋಳು ನೀನೇ ಹೀಗಂದ್ರೆ?"

"ದೇವರ ಹತ್ರ ನನ್ನ ಜಗಳ ಬೇರೇನೇ ಇದೆ, ನಾನೇ ನೋಡ್ಕೋತೀನಿ. ನಿನ್ನ ವಕೀಲಿ ಬೇಡ."

ನಾನೂ ಅವಳ ಜೊತೆ ಹೊರಟೆ.

ಪರೀಕ್ಷೆಯ ಕೋಣೆಯ ಅರೆ ತೆರೆದ ಗಾಜಿನ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕುಳಿತೆ. ಒಳಗೆ ಉಕ್ಕಿನ ಮೇಜಿನ ಮೇಲೆ ಒಂದು ಮುದಿ ನಾಯಿ ಮುದುಡಿಕೊಂಡಿತ್ತು. ಅದರ ಮುಂಗಾಲಿನಿಂದ ರಕ್ತ ತೆಗೆದು ಪಟ್ಟಿ ಕಟ್ಟಬೇಕು. ನರ ಹುಡುಕುವುದನ್ನೂ ಪಟ್ಟಿ ಸುತ್ತುವುದನ್ನೂ ಅವಳು ಕಲಿತದ್ದು ನಾಯಿಯ ಕಾಲಿನ ಬದಲು ನನ್ನ ತೋಳಿನ ಮೇಲೆ, ಹಾಸಿಗೆ ಹಿಡಿದಿದ್ದ ಮಗನ ಪಕ್ಕದಲ್ಲೇ ಕುಳಿತು. "ಅಮ್ಮಾ, ಕಚ್ಚಿಬಿಟ್ಟೀಯ, ಹುಷಾರು!" ಎಂದು ಅವನು ಆ ನೋವಿನಲ್ಲೂ ನಗುತ್ತಿದ್ದ.

ಅವಳು ನಾಯಿಯ ಕಾಲಿನ ಕೂದಲು ತೆಗೆದಳು, ಸ್ಪಿರಿಟ್ ಒರೆಸಿದಳು, ಬಾಗಿ ಅದರ ಕಿವಿಯ ಬಳಿ ಮೆಲ್ಲಗೆ ಹೇಳಿದಳು:

"ಅತ್ತೆ, ಕೈ ಸಡಿಲ ಬಿಡಿ."

ಪರೀಕ್ಷಕರು ಗೊಳ್ಳೆಂದು ನಕ್ಕರು. ಒಬ್ಬ, "ನಿಮ್ಮ ಅತ್ತೆಗೆ ಬಾಲ ಇದೆಯೇನಮ್ಮಾ?" ಎಂದ. ಅವಳ ಕೈ ನಿಂತುಹೋಯಿತು. ಎತ್ತಿಕೊಂಡಿದ್ದ ಸೂಜಿಯನ್ನು ತಟ್ಟೆಗೆ ಹಾಕಿದಳು. ಮುಖ ಬಾಗಿಲ ಕಡೆ ತಿರುಗಿತು. ಎಲ್ಲ ಬಿಟ್ಟು ಬಂದೇಬಿಡುತ್ತಾಳೆ ಎನಿಸಿ, ನಾನು ಬಾಗಿಲು ತಳ್ಳಿ ಒಳಗೆ ನುಗ್ಗಿದೆ.

"ಬಾಲ ಇಲ್ಲ, ಬಾಯಿದೆ! ಅತ್ತೆಗೆ ಕೊಡೋ ಮರ್ಯಾದೆನ ನಾಯಿಗೂ ಕೊಟ್ಟಳು. ಅದಕ್ಕೆ ನಗ್ತೀರಾ? ಚುಚ್ಚಮ್ಮಾ ನೀನು!"

"ಅಜ್ಜೀ, ಹೊರಗೆ ಕೂತ್ಕೊಳ್ಳಿ" ಎಂದರು ಹಿರಿಯ ಪರೀಕ್ಷಕಿ. ಅವರ ದನಿಯಲ್ಲಿ ಕೋಪವಿರಲಿಲ್ಲ.

ನಾನು ಹೊರಗೆ ಬಂದೆ. ಅವಳು ಹೊಸ ಸೂಜಿ ತೆಗೆದುಕೊಂಡಳು. ನಾಯಿ ಕುಂಯ್ ಎನ್ನಲಿಲ್ಲ.

ಸಂಜೆ ಮನೆಗೆ ಬಂದಾಗ ತಮ್ಮ ಅಲ್ಲೇ ಇದ್ದ. ಪಾಸಾದ ಸುದ್ದಿ ಕೇಳಿ ಗಂಟಲು ಸರಿಮಾಡಿಕೊಂಡ.

"ಸರಿ, ಹಟ ಸಾಧಿಸಿದ್ದಾಯ್ತು. ಇನ್ನಾದ್ರೂ ವರ್ಷ ತುಂಬೋವರೆಗೂ ಮನೇಲಿರಲಿ."

ಅವನೆದುರು ಎಂದೂ ದನಿಯೆತ್ತದ ಸೊಸೆ ತಲೆಯೆತ್ತಿದಳು.

"ಮಾವ, ನಾಳೆ ಬೆಳಿಗ್ಗೆ ನನಗೆ ಡ್ಯೂಟಿ ಇದೆ."

ಅವನು ನನ್ನತ್ತ ತಿರುಗಿದ.

"ನನ್ನ ಮುಖ ಯಾಕೋ ನೋಡ್ತೀಯ?" ಎಂದೆ. "ಹೇಳಿದ್ದು ಅವಳು."