ಹದಿನೈದನೆಯ ಸೈಕಲ್ಲಿನ ಮುಂಗಾಲು

ಪ್ರವಾಸಿಗರಿಗಾಗಿ ಸೈಕಲ್ ಏಜೆನ್ಸಿ ಇಟ್ಟಿದ್ದ ಸಿ ತಾಹರ್, ಅಂದರೆ ತಾಹರ್ ಸಾಹೇಬ, ಬಾಡಿಗೆಯ ಹದಿನಾಲ್ಕು ಸೈಕಲ್ಲುಗಳಿಗೆ ಹೊಸ ಫೋರ್ಕ್ ಹಾಕಿಸಿದ. ಗೈಡು ಓಡಿಸುವ ಒಂದು ಸೈಕಲ್ಲಿಗೆ ಹಾಕಿಸಲಿಲ್ಲ. ಅದೇ ವಾರ ಗೈಡು ಮೊಹಾ ಏಳು ತಿರುವಿನ ಇಳಿಜಾರಿನಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಸೈಕಲ್ಲು ಹಾಳು ಮಾಡಿದನೆಂದು ಅವನ ಆ ವಾರದ ಕೂಲಿಯನ್ನು ಹಿಡಿದುಕೊಳ್ಳಲಾಯಿತು.

ಮೊಹಾನ ಜಾಗಕ್ಕೆ ಯಿದಿರ್‌ನನ್ನು ಹಾಕಿದರು. ಯಿದಿರ್ ತುದಾಳ ತಮ್ಮ. ತುದಾ ಆ ಶೆಡ್ಡಿನ ಮೆಕ್ಯಾನಿಕ್. ಬಿದ್ದ ಸೈಕಲ್ಲಿನ ಚಕ್ರವನ್ನು ನೆಟ್ಟಗೆ ಮಾಡಿ ತಮ್ಮನಿಗೆ ಒಪ್ಪಿಸಬೇಕಾದವಳು ಅವಳೇ.

ಈ ಬೆಟ್ಟದೂರು ತಾಮ್ಲಾಲ್ಟ್‌ನಲ್ಲಿ, ಮುಂಚಕ್ರವನ್ನು ಹಿಡಿಯುವ ಫೋರ್ಕಿಗೆ ಮುಂಗಾಲು ಅನ್ನುತ್ತಾರೆ. ತಲೆತಲಾಂತರದಿಂದ ಹೇಸರಗತ್ತೆ ಸಾಕಿದ ಊರು, ಇನ್ನೇನು ಅಂದೀತು? ಕಲ್ಲಿಗೆ ಬಡಿದಾಗ ಒಳಗೆ ಕುಗ್ಗಿ ಏಟನ್ನು ನುಂಗುವ ಎರಡು ಕಾಲು. ಆ ಸೈಕಲ್ಲಿನ ಮುಂಗಾಲು ಏಟು ನುಂಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಒಳಗಿನ ಸ್ಪ್ರಿಂಗು ಸತ್ತು, ಕಾಲುಗಳು ಸಡಿಲಾಗಿ, ಬ್ರೇಕು ಹಿಡಿದರೆ ಮುಂಚಕ್ರ ಜ್ವರ ಬಂದವರಂತೆ ನಡುಗುತ್ತಿತ್ತು. ತುದಾ ಇದನ್ನು ನಾಲ್ಕು ಸಲ ಹೇಳಿದ್ದಳು. ಐದನೆಯ ಸಲ ಸಿ ತಾಹರ್‌ನ ಕಚೇರಿಯ ಬಾಗಿಲಲ್ಲಿ ನಿಂತು ಹೇಳಿದಳು.

"ಅದರ ಮುಂಗಾಲು ಸತ್ತಿದೆ ಸಿ ತಾಹರ್. ಯಿದಿರ್‌ನ ಅದರ ಮೇಲೆ ಇಳಿಸ್ಬೇಡಿ."

ಸಿ ತಾಹರ್ ಚಹಾದ ಲೋಟದಿಂದ ಕಣ್ಣೆತ್ತಲಿಲ್ಲ. "ಗೈಡು ಅಂದ್ರೆ ಯಾರಮ್ಮ? ದಾರಿ ಗೊತ್ತಿರೋನು. ಒಂದೊಂದು ಕಲ್ಲೂ ಗೊತ್ತಿರೋನಿಗೆ ಸ್ಪ್ರಿಂಗ್ ಯಾಕೆ? ದುಡ್ಡು ಕೊಟ್ಟು ಬಂದೋರ ಕೈ ನೋಯಬಾರದು, ಅಷ್ಟೆ."

"ಗೈಡಿಗೆ ಕೈ ಇಲ್ವಾ?"

"ಅವನಿಗೆ ಅಭ್ಯಾಸ ಇದೆ."

ಅಭ್ಯಾಸ! ಹೊರೆ ಹೊತ್ತು ಬೆನ್ನು ಸುಲಿದ ಹೇಸರಗತ್ತೆಯನ್ನು ತೋರಿಸಿ ದಲ್ಲಾಳಿ ಆಡುವ ಮಾತು ಅದು. ಬೆಟ್ಟ ಈ ಊರಿನವರದು, ಹಾದಿ ಇವರ ಅಜ್ಜಂದಿರು ತುಳಿದು ಮಾಡಿದ್ದು, ಮುರಿಯುವ ಮೂಳೆಯೂ ಇವರದೇ. ಮರ್ರಾಕೆಶ್‌ನಿಂದ ಬೋರ್ಡು ಹೊತ್ತು ಬಂದವನು ಆ ಹಾದಿಗೆ ಟಿಕೆಟ್ ಇಟ್ಟು, ಮೂಳೆಗೆ ಅಭ್ಯಾಸವಿದೆ ಅನ್ನುತ್ತಾನೆ. ತುದಾಳ ನಾಲಿಗೆಯ ತುದಿಗೆ ಬಂದ ಮಾತು ಒಳ್ಳೆಯದಾಗಿರಲಿಲ್ಲ. ಅದನ್ನು ನುಂಗಿ ಮನೆಗೆ ಬಂದಳು.

ತಾಯಿ ಯಾಮ್ನಾ ಮಗ್ಗದ ಮುಂದೆ ಕೂತಿದ್ದಳು. ಮಗಳ ಕೂಗಾಟವನ್ನೆಲ್ಲ ಕೇಳಿಸಿಕೊಂಡು, ಬೆರಳು ನಿಲ್ಲಿಸದೆ ಹೇಳಿದಳು: "ತಿವಿಝಿ ಕರಿ."

"ಸೈಕಲ್ಲಿಗಾ?"

"ಬೀಳೋದು ಸೈಕಲ್ಲಾ, ನಮ್ಮ ಹುಡುಗನಾ?"

ತಿವಿಝಿ ಕರೆಯುವುದು ಕಣ ತುಳಿಸಲು, ಕಾಲುವೆಯ ಹೂಳೆತ್ತಲು, ಬಿದ್ದ ಮನೆಯ ಮಾಡು ಕಟ್ಟಲು. ಕರೆದ ಮೇಲೆ ಮನೆಗೊಬ್ಬರು ಬರಬೇಕು, ಕೈಲಾದದ್ದು ತರಬೇಕು. ಯಾರು ಎಷ್ಟು ತಂದರೆಂದು ಎಣಿಸುವಂತಿಲ್ಲ, ಉಪಕಾರವಾಯಿತು ಅನ್ನುವಂತಿಲ್ಲ. ಸೈಕಲ್ಲಿಗೆ ಯಾರೂ ಕರೆದಿರಲಿಲ್ಲ. ಸಂಜೆ ಕಣದಲ್ಲಿ ತುದಾ ವಿಷಯ ಹೇಳಿದಾಗ ಹೇಸರಗತ್ತೆಗಳ ಮುದುಕ ದಾದ್ದಾ ಅತ್ಮಾನ್‌ಗೆ ಕೆಮ್ಮು ಬರುವಷ್ಟು ನಗು.

"ಸೈಕಲ್ಲಿಗೆ ತಿವಿಝಿ! ಆಮೇಲೆ ಅದಕ್ಕೆ ಮದುವೆನೂ ಮಾಡ್ಸು ಮಗಳೇ. ಹೆಣ್ಣು ನೋಡಿದ್ದೀಯಾ?"

"ನಿನ್ನ ಕುಂಟ ಕತ್ತೆ ಇದ್ಯಲ್ಲ ದಾದ್ದಾ."

"ಅದು ಒಪ್ಪಲ್ಲ. ಅದಕ್ಕೆ ಮುಂಗಾಲು ನೆಟ್ಟಗಿರೋ ಗಂಡೇ ಬೇಕಂತೆ." ನಗುತ್ತಲೇ ಅವನು ಮೊಹಾನ ಕಡೆ ನೋಡಿದ. ಮೊಹಾ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿ ಗೋಡೆಗೆ ಒರಗಿದ್ದ. ಮುದುಕನ ನಗು ಅಲ್ಲಿಗೆ ನಿಂತಿತು. ಜುಬ್ಬಾಕ್ಕೇ ಹೊಲಿದಿದ್ದ ಟೋಪಿಯನ್ನು ತಲೆಯಿಂದ ಸರಿಸಿ, ಒಳಗಿನಿಂದ ಮಡಚಿದ ನೋಟೊಂದನ್ನು ತೆಗೆದು ಕಣದ ಕಲ್ಲಿನ ಮೇಲಿಟ್ಟ. ಆಮೇಲೆ ಉಳಿದವರು.

ಸಿ ತಾಹರ್ ಹಾಕಿಸಿದಂಥ ಹೊಸ ಫೋರ್ಕಿಗೆ ಅದು ಏನೇನೂ ಸಾಲದು. ಆದರೆ ಮರ್ರಾಕೆಶ್‌ನ ಹಳೇ ಸಾಮಾನಿನ ಸಂತೆಯಲ್ಲಿ, ಯುರೋಪಿನವರು ಬಳಸಿ ಬಿಸಾಕಿದ್ದನ್ನು ಗುಡ್ಡೆ ಹಾಕಿ ಮಾರುವ ಕಡೆ, ಹುಡುಕುವ ಕಣ್ಣಿದ್ದರೆ ಸಾಕಾದೀತು.

ಹೊರಡುವ ಮೊದಲು ಅಳತೆ ಬೇಕಿತ್ತು. ಫೋರ್ಕಿನ ನೆತ್ತಿಯಲ್ಲಿ ಒಂದು ಕೊಳವೆ ಇರುತ್ತದೆ, ಅದಕ್ಕೆ ಕೊರಳು ಅನ್ನುತ್ತಾರೆ. ಅದು ಸೈಕಲ್ಲಿನ ಕತ್ತಿನೊಳಗೆ ತೂರಿ ಮೇಲೆ ಹ್ಯಾಂಡಲನ್ನು ಹಿಡಿಯಬೇಕು. ಉದ್ದವಿದ್ದರೆ ಕೊಯ್ಯಬಹುದು. ಗಿಡ್ಡವಾದರೆ ದೇವರೂ ಬೆಳೆಸಲಾರ. ಶೆಡ್ಡಿನ ಅಳತೆ ಪಟ್ಟಿ ಸಿ ತಾಹರ್‌ನ ಬೀರುವಿನಲ್ಲಿ, ಬೀರುವಿನ ಕೀಲಿ ಅವನ ಸೊಂಟದಲ್ಲಿ. ತುದಾ ತಾಯಿಯ ಬುಟ್ಟಿಯಿಂದ ಕೈಗೆ ಸಿಕ್ಕ ಕೆಂಪು ನೂಲು ತಂದು, ಹಳೆಯ ಕೊರಳಿನ ಉದ್ದಕ್ಕೆ ಬಿಗಿಯಾಗಿ ಎಳೆದು ಹಿಡಿದು, ಎರಡು ಕಡೆ ಗಂಟು ಹಾಕಿಕೊಂಡಳು.

ಸಂತೆಯಲ್ಲಿ ತುದಾ ಫೋರ್ಕುಗಳನ್ನು ನೆಲಕ್ಕೆ ಊರಿ ಒತ್ತಿ ನೋಡುತ್ತಿದ್ದಾಗ ಅಲ್ಲಾಲ್ ಎಂಬ ವ್ಯಾಪಾರಿ ಹತ್ತಿರ ಬಂದ.

"ತಂಗೀ, ಅದು ಕಲ್ಲಂಗಡಿ ಹಣ್ಣಲ್ಲ."

"ಗೊತ್ತು. ಕಲ್ಲಂಗಡಿ ಆಗಿದ್ರೆ ನೀನು ಇಷ್ಟು ಕೊಳೆತದ್ದನ್ನ ಇಟ್ಕೊಂಡಿರ್ತಿರಲಿಲ್ಲ."

"ಅದನ್ನ ನೋಡು, ಕರಿದು. ಅದರ ಮೇಲೆ ಆಲ್ಪ್ಸ್ ಬೆಟ್ಟ ಇಳಿದಿದ್ದಾರೆ."

"ಅದಕ್ಕೇ ಇಷ್ಟು ಸುಸ್ತಾಗಿದೆ."

ಸುಸ್ತಾಗಿರಲಿಲ್ಲ. ಒಣಗಿತ್ತು, ಅಷ್ಟೆ. ಹೊಳೆಯುವ ಕಾಲುಗಳ ಮೇಲೆ ಉಗುರಿನಿಂದ ಗೀರಿ ನೋಡಿದಳು, ಎಲ್ಲೂ ತಡೆಯಲಿಲ್ಲ. ಹಿಂದೆ ಮುಂದೆ ಅಲ್ಲಾಡಿಸಿದಳು, ಕಟಕಟ ಸದ್ದಿಲ್ಲ. ನೂಲನ್ನು ಕೊರಳಿನ ಉದ್ದಕ್ಕೆ ಇಳಿಬಿಟ್ಟಳು. ಗಂಟಿನಿಂದ ಗಂಟಿಗೆ ಸರಿಯಾಗಿ ಕೂತಿತು. ಮೂರು ಸಲ ಎದ್ದು ಹೋಗಿ ಮೂರು ಸಲ ತಿರುಗಿ ಬಂದ ಮೇಲೆ, ಊರು ಕೊಟ್ಟದ್ದರಲ್ಲಿ ಬಸ್ಸಿಗೂ ಮೋಟಾರ್ ಸೈಕಲ್ ಅಂಗಡಿಯ ತೆಳು ಎಣ್ಣೆಯ ಒಂದು ಬಾಟಲಿಗೂ ಉಳಿಯುವಷ್ಟಕ್ಕೆ ವ್ಯಾಪಾರ ಕುದುರಿತು.

ಶೆಡ್ಡಿನಲ್ಲಿ ಹೊಂದಿಸಿ ನೋಡಿದರೆ ಕೊರಳು ಒಂದು ಬೆರಳು ಗಿಡ್ಡ.

ಮತ್ತೆ ನೋಡಿದಳು. ಮತ್ತೂ ಗಿಡ್ಡ. ಊರಿನವರ ನೋಟುಗಳು, ದಾದ್ದಾ ಅತ್ಮಾನ್‌ನ ಟೋಪಿಯೊಳಗಿನ ಮಡಿಕೆ, ಎಲ್ಲ ಕಣ್ಣ ಮುಂದೆ ಬಂದು ತುದಾ ಸ್ಪ್ಯಾನರನ್ನು ಗೋಡೆಗೆ ಬೀಸಿದಳು. ರೊಟ್ಟಿ ತಂದಿದ್ದ ಯಾಮ್ನಾ ಬಾಗಿಲಲ್ಲೇ ನಿಂತು, ಬೆಂಚಿನ ಮೇಲಿದ್ದ ನೂಲನ್ನು ಎತ್ತಿ ಎರಡು ಬೆರಳಲ್ಲಿ ಹೊಸೆದಳು.

"ಇದರಲ್ಲಿ ಅಳೆದ್ಯಾ?"

"ಹೂಂ."

"ಇದು ಹಾಸಿನ ನೂಲಲ್ಲ ಕಣೆ, ಹೊಕ್ಕಿನ ನೂಲು. ಎಳೆದ್ರೆ ಹಿಗ್ಗುತ್ತೆ, ಬಿಟ್ರೆ ಕುಗ್ಗುತ್ತೆ. ಇಲ್ಲಿ ಎಳೆದು ಹಿಡ್ದೆ, ಅಲ್ಲಿ ಇಳಿಬಿಟ್ಟೆ." ಯಾಮ್ನಾ ಸುತ್ತಮುತ್ತ ನೋಡಿದಳು. "ನನ್ನ ಮಗಳು ಹೊಕ್ಕಿನ ನೂಲಲ್ಲಿ ಅಳೆದಳು ಅಂತ ಬಾವಿ ಹತ್ರ ಬಾಯಿ ಬಿಟ್ಟೀಯ ಮತ್ತೆ. ನಾನು ತಲೆ ಎತ್ತಿ ತಿರುಗಬೇಕು."

ಹ್ಯಾಂಡಲಿನ ಕೆಳಗೆ ಎತ್ತರಕ್ಕೆಂದು ಬಳೆಯಂಥ ಮೂರು ಉಂಗುರಗಳಿದ್ದವು. ಅವನ್ನು ತೆಗೆದರೆ ಕೊರಳು ಸಾಕಾಗುತ್ತಿತ್ತು, ಬೋಲ್ಟು ಪೂರ್ತಿ ಹಿಡಿಯುತ್ತಿತ್ತು. ಆದರೆ ಹ್ಯಾಂಡಲು ತಗ್ಗಾಗಿ, ಇಳಿಜಾರಿನಲ್ಲಿ ಸವಾರನ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಆಗ ಮೊಹಾ ಮನೆಗೆ ಹೋಗಿ, ಎರಡು ತುದಿ ಮೇಲಕ್ಕೆ ಬಾಗಿದ ತನ್ನ ಸ್ವಂತ ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿದು ತಂದ.

"ಇದನ್ನ ಹಾಕು. ನನಗೆ ಸದ್ಯಕ್ಕೆ ಚಮಚ ಹಿಡಿಯೋಕೇ ಬರಲ್ಲ."

ಆ ಸಂಜೆಯಿಡೀ ಕೆಲಸ. ಮೊಹಾ ಎಡಗೈಯಲ್ಲಿ ಹಿಡಿದ, ಯಿದಿರ್ ಒರೆಸಿದ, ತುದಾ ಬಿಚ್ಚಿದಳು. ಒಳಗೆ ಎಣ್ಣೆ ಕುಡಿದು ನಿಲ್ಲುವ ಸ್ಪಂಜಿನ ಬಳೆಗಳು ಪುಡಿಯಾಗಿದ್ದವು. ದಾದ್ದಾ ಅತ್ಮಾನ್ ತನ್ನ ಜೀನಿನ ಕೆಳಗಿನ ಉಣ್ಣೆಯ ಹಾಸನ್ನು ಕತ್ತರಿಸಿಕೊಟ್ಟ. ಅದನ್ನು ಬಳೆಯಂತೆ ಕೊರೆದು, ಎಣ್ಣೆಯಲ್ಲಿ ನೆನೆಸಿ ಕೂರಿಸಿದಳು. ಸ್ಪ್ರಿಂಗಿನ ಬದಲು ಗಾಳಿಯ ಮೇಲೆ ನಿಲ್ಲುವ ಆ ಮುಂಗಾಲಿಗೆ ಗಾಳಿ ತುಂಬಿದಳು. ಯಿದಿರ್ ಕಣದ ಗೋಡೆಯ ಮೇಲಿಂದ ಸೈಕಲ್ಲು ಸಮೇತ ಹಾರಿದ. ಮುಂಗಾಲು ಉಸಿರು ಬಿಟ್ಟಂತೆ ಕುಗ್ಗಿ ಮೇಲೆದ್ದಿತು, ಅಷ್ಟೆ. ದಾದ್ದಾ ಅತ್ಮಾನ್ ಮಾತ್ರ ಹೇಳಿದ: "ಈಗ ನನ್ನ ಕತ್ತೆಯನ್ನ ಕೇಳಿ ನೋಡ್ತೀನಿ."

ಶನಿವಾರ ಬೆಳಿಗ್ಗೆ ಎಂಟು ಜನರ ತಂಡ ಬಂತು. ಅವರಲ್ಲೊಬ್ಬ ಮುಂದಿನ ವರ್ಷದ ತಂಡಗಳನ್ನು ಯಾವ ಏಜೆನ್ಸಿಗೆ ಕಳಿಸಬೇಕೆಂದು ತೀರ್ಮಾನಿಸುವವನು, ಆರಡಿ ಮೀರಿದ ಆಳು. ಅವನಿಗೆಂದು ತೆಗೆದಿಟ್ಟ ದೊಡ್ಡ ಸೈಕಲ್ಲಿನ ಹೊಸ ಫೋರ್ಕು ರಾತ್ರಿಯೆಲ್ಲ ಎಣ್ಣೆ ಕಾರಿ ನೆಲದಲ್ಲಿ ಮಡು ಮಾಡಿತ್ತು. ಸಿ ತಾಹರ್ ಶೆಡ್ಡಿಗೆ ನುಗ್ಗಿದ. ಅವನ ಕಣ್ಣು ಸುತ್ತಿ ಬಂದು ಯಿದಿರ್‌ನ ಸೈಕಲ್ಲಿನ ಮೇಲೆ ನಿಂತಿತು.

"ಇದು ಎಲ್ಲಿಂದ ಬಂತು?"

"ಊರಿಂದ," ಅಂದಳು ತುದಾ.

"ಒಳ್ಳೇದಾಯ್ತು. ಬಿಚ್ಚಿ ಅತಿಥಿಯ ಸೈಕಲ್ಲಿಗೆ ಹಾಕು. ಹಳೇದನ್ನ ಇದಕ್ಕೆ ವಾಪಸ್ ಹಾಕು. ಹತ್ತು ನಿಮಿಷ."

"ಅದು ಊರಿನ ಸ್ವತ್ತು ಸಿ ತಾಹರ್. ತಿವಿಝಿಯದು."

"ಶೆಡ್ಡು ನಂದು. ಸೈಕಲ್ಲು ನಂದು. ನನ್ನ ಸೈಕಲ್ಲಿಗೆ ನನ್ನ ಸ್ಪ್ಯಾನರಿನಲ್ಲಿ ಬಿಗಿದದ್ದೂ ನಂದೇ."

ತುದಾ ಬಾಯಿ ತೆರೆಯುವ ಮೊದಲೇ ಯಿದಿರ್ ನಡುವೆ ಬಂದ. "ಕೊರಳು ಗಿಡ್ಡ ಸಿ ತಾಹರ್. ನಮ್ಮ ಸಣ್ಣ ಸೈಕಲ್ಲಿಗೇ ಕಷ್ಟಪಟ್ಟು ಕೂತಿದೆ. ಅವರದು ದೊಡ್ಡದು, ಹಿಡಿಯಲ್ಲ."

ಸಿ ತಾಹರ್ ತುದಾಳ ಕಡೆ ತಿರುಗಿದ. "ಹೌದಾ? ಹಿಡಿಯಲ್ಲ ತಾನೇ?"

ತಲೆಯಾಡಿಸಿದ್ದರೆ ಸಾಕಿತ್ತು. ಯಿದಿರ್ ಕಣ್ಣಲ್ಲೇ ಬೇಡುತ್ತಿದ್ದ: ಹೂಂ ಅನ್ನು ಅಕ್ಕ, ಮುಗಿಸು. ಬಾಗಿಲ ಹೊರಗಿನಿಂದ ಮೊಹಾ ಇಣುಕಿದ. ಅವಳು ನಾಚಿಕೆಯಿಂದ ಬಚ್ಚಿಟ್ಟಿದ್ದ ಒಂದು ಬೆರಳಿನ ತಪ್ಪು ಈಗ ಕೈಹಿಡಿದು ಕಾಪಾಡಲು ಬಂದಿತ್ತು. ಇವತ್ತಿಗೆ ಕಾಪಾಡುತ್ತದೆ. ನಾಳೆ ಸಣ್ಣ ಸೈಕಲ್ಲಿನ ಅತಿಥಿ ಬರುತ್ತಾನೆ. ಅವನಿಗೆ ಇದೇ ಕೊರಳು ಹೊಂದುತ್ತದೆ. ಆವತ್ತು ಯಾವ ನೂಲಿನ ನೆಪ ಹೇಳಬೇಕು? ಗಿಡ್ಡವಾದ್ದರಿಂದ ಕೊಡಲಿಲ್ಲ ಅಂದರೆ, ಉದ್ದವಿದ್ದರೆ ಕೊಡಬೇಕಿತ್ತು ಎಂದು ಒಪ್ಪಿದಂತೆ.

"ಹಿಡಿಯಲ್ಲ," ಅಂದಳು ತುದಾ. "ಹಿಡಿದಿದ್ರೂ ಹಾಕ್ತಿರಲಿಲ್ಲ."

ಯಿದಿರ್ ಕಣ್ಣು ಮುಚ್ಚಿಕೊಂಡ.

"ಏನಂದೆ?"

"ಕೇಳಿಸ್ತಲ್ಲ."

ಸಿ ತಾಹರ್ ಕೂಗಲಿಲ್ಲ. ಹೊರಗೆ ಅತಿಥಿಗಳಿದ್ದರು. ಬೆಂಚಿನ ಮೇಲಿದ್ದ ಸ್ಪ್ಯಾನರನ್ನು ಎತ್ತಿ ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ. "ಸರಿ. ದೊಡ್ಡದಕ್ಕೆ ಬೇಡ. ಅವರು ಬೇರೆ ಸೈಕಲ್ಲು ಹತ್ತಲಿ. ಆದ್ರೆ ಇದನ್ನ ಈಗ್ಲೇ ಬಿಚ್ಚಿ ನನ್ನ ಬೀರುವಿನಲ್ಲಿಡು. ನಿನ್ನ ತಮ್ಮ ಹಳೇ ಮುಂಗಾಲಿನ ಮೇಲೇ ಇಳೀಲಿ. ನಿನಗೂ ಅಭ್ಯಾಸ ಆಗ್ಬೇಕು."

ತುದಾ ಅಂಗೈ ಬಿಡಿಸಿದಳು. ಸ್ಪ್ಯಾನರು ಎಣ್ಣೆಯ ಮಡುವಿಗೆ ಬಿತ್ತು.

"ಬಿಚ್ಚಲ್ಲ," ಅಂದಳು.