ಬರಿ ಶಬ್ದದ ಕೋವಿ

“ಅದೆಂತ ಸರ್, ಕೊಡೆಯಾ? ಮೇಲೆ ಇಡಿ,” ಎಂದ ಕಂಡಕ್ಟರ್.

ಶಶಿರಾಜ್ ಖಾಕಿ ಬಟ್ಟೆಯ ಚೀಲವನ್ನು ಮೊಣಕಾಲುಗಳ ನಡುವೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಕೊಡೆ ಇಷ್ಟು ಉದ್ದ ಇರುತ್ತದೆಯೇ ಎಂದು ಕೇಳಬೇಕೆನಿಸಿತು. ಕೋವಿ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕೆಂದೂ ಅನಿಸಿತು.

“ಇರಲಿ. ಇಲ್ಲೇ ಇಟ್ಕೊಳ್ತೇನೆ.”

“ಇಳಿಯುವವರ ಕಾಲಿಗೆ ಸಿಕ್ಕಿದ್ರೆ ಬೈಗುಳ ತಿನ್ನುವುದು ನಾನು,” ಎಂದು ಅವನು ಮುಂದಕ್ಕೆ ಹೋದ.

ವೇಣೂರಿನಿಂದ ಬೆಳ್ತಂಗಡಿಗೆ ಹೋಗುವ ಬಸ್ಸು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಲು ಶಶಿರಾಜ್ ಜೀಪಿನಲ್ಲಿ ಹೋಗುತ್ತಿದ್ದ. ದಾರಿಯುದ್ದಕ್ಕೂ ಪೈಪು ಸೇದುತ್ತಿದ್ದ. ಅಂಗಡಿಗಳ ಮುಂದೆ ನಿಂತವರು ಕೈಯೆತ್ತುತ್ತಿದ್ದರು. ಈಗ ಜೀಪಿಲ್ಲ. ಹೆಂಡತಿ ಸಾಧನಾ ಮಾರಿಸಿದಳು. ನಾಗಪುರದಲ್ಲಿ ಜೀಪು ಯಾಕೆ ಎಂದಳು. ಹಾಗಾದರೆ ನಾಗಪುರದಲ್ಲಿ ಯಾವುದಾದರೂ ಯಾಕೆ ಎಂದು ಅವನಿಗೆ ಅನಿಸಿತ್ತು. ತಾನಾದರೂ ಯಾಕೆ ಎಂದೂ.

ಸಾಧನಾ ಬ್ಯಾಂಕಿನಲ್ಲಿ ಅಧಿಕಾರಿ. ಬಡ್ತಿ ಸಿಕ್ಕಿ ಮಳೆಗಾಲಕ್ಕೆ ಮೊದಲೇ ಮಹಾರಾಷ್ಟ್ರಕ್ಕೆ ಹೋಗಿದ್ದಳು. ಮೂಡಬಿದ್ರೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ಶಶಿರಾಜ್ ಅವಧಿಗೆ ಮುಂಚೆ ನಿವೃತ್ತಿ ಪಡೆದ. ಬೀಳ್ಕೊಡುಗೆಯ ಸಭೆಯಲ್ಲಿ ಪ್ರಿನ್ಸಿಪಾಲರು ಅವನ ಪಾಠದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಪೈಪಿನ ಬಗ್ಗೆ ಹೇಳಿದರು, ಕೋವಿಯ ಬಗ್ಗೆ ಹೇಳಿದರು. ಎಲ್ಲರೂ ನಕ್ಕರು. ಅವನೂ ನಕ್ಕ.

ನಾಳೆ ಸಂಜೆ ಮಂಗಳೂರಿನಿಂದ ರೈಲು.

ಫೋನು ಬಡಿದುಕೊಂಡಿತು.

“ಕೋವಿ ಕೊಟ್ಟಾಯ್ತಾ?” ಸಾಧನಾಳ ಹಿಂದೆ ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದರು.

“ಹೋಗ್ತಾ ಇದ್ದೇನೆ.”

“ಅಲ್ಲಿ ವಾದ ಮಾಡ್ಬೇಡಿ. ಮತ್ತೆ ಆ ಪೈಪು.”

“ಪೈಪಿಗೇನು?”

“ಇಲ್ಲಿ ಬಾಲ್ಕನಿಯಲ್ಲಿಯೂ ಸೇದ್ಲಿಕ್ಕೆ ಬಿಡುವುದಿಲ್ಲ. ಮೇಲಿನ ಮನೆಯವರು ಕೂಡಲೇ ಗ್ರೂಪಿನಲ್ಲಿ ಹಾಕ್ತಾರೆ. ಅಲ್ಲೇ ಬಿಟ್ಟು ಬನ್ನಿ.”

“ನೋಡುವ.”

“ನೋಡುವುದೆಂತ? ಪುಸ್ತಕ ತನ್ನಿ, ಬೇಡ ಹೇಳುವುದಿಲ್ಲ. ಸ್ವಲ್ಪ ತನ್ನಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

ಅವನು ಒಂದು ನಿರ್ಧಾರ ಮಾಡಿಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ. ಕೋವಿಯನ್ನು ಜೊತೆಗೆ ಒಯ್ಯಲು ದಾರಿ ಉಂಟೇ ಎಂದು ಠಾಣೆಯಲ್ಲಿ ಕೇಳುವುದು. ಉಂಟು ಎಂದರೆ ಹೋಗುವುದು. ಇಲ್ಲ ಎಂದರೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ತಿರುಗಿ ಬಂದು ಮನೆಯಲ್ಲೇ ಕುಳಿತುಬಿಡುವುದು. ಕೋವಿಯೊಂದಿಗೆ ಹೋದರೆ ಊರು ಬಿಟ್ಟು ಹೋದ ಗಂಡಸು. ಇಲ್ಲದೆ ಹೋದರೆ ಹೆಂಡತಿಯ ವರ್ಗಾವಣೆಯ ಸಾಮಾನುಗಳಲ್ಲಿ ಒಂದು.

ನಿರ್ಧಾರ ಚೆನ್ನಾಗಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ಇನ್ನೂ ಚೆನ್ನಾಗಿತ್ತು.

ಠಾಣೆಯಲ್ಲಿ ಹೆಡ್‌ಕಾನ್‌ಸ್ಟೇಬಲ್ ಹುಕ್ರಪ್ಪ ಚಹಾದ ಲೋಟ ಕೆಳಗಿಟ್ಟು ಎದ್ದ. ಪ್ರತಿ ಚುನಾವಣೆಗೂ ಅವನದೇ ಕೈಗೆ ಕೋವಿ ಕೊಟ್ಟು ಅವನದೇ ಕೈಯಿಂದ ಹಿಂದಕ್ಕೆ ಪಡೆದದ್ದು.

“ಏನು ಸರ್, ಈಗ ಎಲೆಕ್ಷನ್ ಇಲ್ಲವಲ್ಲ.”

“ಊರು ಬಿಡ್ತಾ ಇದ್ದೇನೆ. ನಾಗಪುರಕ್ಕೆ.”

“ಓ. ಪ್ರಮೋಶನ್ನಾ?”

“ಹೌದು.” ಸ್ವಲ್ಪ ತಡೆದು ಹೇಳಿದ, “ಮನೆಯವರಿಗೆ.”

ಹುಕ್ರಪ್ಪ ತಲೆಯಾಡಿಸಿದ. ಆ ತಲೆಯಾಡಿಸುವುದರಲ್ಲಿ ಏನೂ ಇರಲಿಲ್ಲ. ಆದರೂ ಶಶಿರಾಜನ ಕಿವಿ ಬಿಸಿಯಾಯಿತು.

“ಇದನ್ನು ಅಲ್ಲಿಗೆ ತೆಗೊಂಡು ಹೋಗ್ಲಿಕ್ಕೆ ಆಗುವುದಿಲ್ವಾ?”

“ಇದು ಬೆಳೆ ರಕ್ಷಣೆಗೆ ಕೊಟ್ಟದ್ದಲ್ವಾ ಸರ್. ಅಲ್ಲಿ ಬೆಳೆ ಉಂಟಾ ನಿಮಗೆ?”

“ಫ್ಲ್ಯಾಟು.”

“ಫ್ಲ್ಯಾಟಿನಲ್ಲಿ ಎಂತ ಬೆಳೆ?”

ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದ ಪೊಲೀಸಿನವಳು ತಲೆಯೆತ್ತದೆ ನಕ್ಕಳು. ಹುಕ್ರಪ್ಪನೂ ನಕ್ಕ. ಆಮೇಲೆ ಶಶಿರಾಜನೂ ನಕ್ಕ. ನಗುವುದು ಬೇಡವೆಂದು ಗೊತ್ತಾಗುವಷ್ಟರಲ್ಲಿ ನಗು ಮುಗಿದಿತ್ತು, ಮತ್ತು ಕೋವಿ ಚೀಲದಿಂದ ಹೊರಗೆ ಬಂದು ಮೇಜಿನ ಮೇಲೆ ಮಲಗಿತ್ತು.

ಒಂಟಿ ನಳಿಗೆಯ ಹಳೆಯ ಕೋವಿ. ಹುಕ್ರಪ್ಪ ಅದನ್ನು ನಡುವಿನಲ್ಲಿ ಮಡಚಿ ತೆರೆದು ನಳಿಗೆಯೊಳಗೆ ಬೆಳಕು ನೋಡಿದ. ಉಳಿದ ಗುಂಡಿನ ತೋಟೆಗಳನ್ನು ಕೇಳಿದ. ಶಶಿರಾಜ್ ಕಿಸೆಯಿಂದ ತೆಗೆದು ಸಾಲಾಗಿ ಇಟ್ಟ. ಹುಕ್ರಪ್ಪ ಒಂದನ್ನು ಅಂಗೈಯಲ್ಲಿ ತೂಗಿ ನೋಡಿ ಹುಬ್ಬು ಗಂಟಿಕ್ಕಿದ. ಕಿವಿಯ ಹತ್ತಿರ ಅಲ್ಲಾಡಿಸಿದ.

“ಇದರಲ್ಲಿ ಚರೆ ಇಲ್ಲವಲ್ಲ ಸರ್.”

“ತೆಗೆದದ್ದು.”

“ಎಲ್ಲದರದ್ದೂ?”

“ಎಲ್ಲದರದ್ದೂ. ಮದ್ದು ಮಾತ್ರ ಉಂಟು.”

“ಯಾಕೆ?”

“ನಾವು ಜೈನರು.”

ಇದು ಅಪ್ಪ ಜಯವರ್ಮ ಮಾಡಿದ ಏರ್ಪಾಡು. ಹೊಸ ತೋಟೆ ತಂದ ಕೂಡಲೇ ಜಗಲಿಯಲ್ಲಿ ಕುಳಿತು ಸಣ್ಣ ಚೂರಿಯಿಂದ ಅದರ ಬಾಯಿ ಬಿಡಿಸುವುದು, ಸೀಸದ ಚರೆಯನ್ನು ಬಟ್ಟಲಿಗೆ ಸುರಿಯುವುದು, ಕಾಗದ ತುರುಕಿ ಮೇಣ ಹಚ್ಚುವುದು. ಮಂಗಗಳನ್ನು ಹೆದರಿಸಬಹುದು, ಕೊಲ್ಲಬಾರದು. ಹೀಗೆ ಬಸದಿಗೂ ಕೋವಿಗೂ ಒಂದೇ ಮನೆಯಲ್ಲಿ ಜಾಗವಾಯಿತು. ತೆಗೆದ ಸೀಸವನ್ನು ಫಲ್ಗುಣಿ ಹೊಳೆಯಲ್ಲಿ ಬಲೆ ಬೀಸುವವರು ಕರಗಿಸಿ ಬಲೆ ಮುಳುಗಿಸುವ ಮಣಿ ಮಾಡಲು ಕೇಳಿ ಒಯ್ಯುತ್ತಿದ್ದರು. ಹಾಗಾದರೆ ಮೀನು ಸಾಯುವುದಿಲ್ಲವೇ ಎಂದು ಶಶಿರಾಜ್ ಹೈಸ್ಕೂಲಿನಲ್ಲಿದ್ದಾಗ ಕೇಳಿದ್ದ. ಅಪ್ಪ ವಾರವಿಡೀ ಮಾತು ಬಿಟ್ಟರು. ಅಪ್ಪ ಸತ್ತ ಮೇಲೆ ಅದೇ ಜಗಲಿಯಲ್ಲಿ, ಅದೇ ಚೂರಿಯಿಂದ, ಪೈಪು ಕಚ್ಚಿಕೊಂಡು ಅವನೂ ಅದನ್ನೇ ಮಾಡಿದ. ನಂಬಿಕೆಯಿಂದಲ್ಲ. ಬೇರೆ ಹೇಗೆ ಮಾಡಬೇಕೆಂದು ಗೊತ್ತಿರಲಿಲ್ಲ.

“ಅಂದ್ರೆ ಇಷ್ಟು ವರ್ಷ,” ಹುಕ್ರಪ್ಪ ತೋಟೆಯನ್ನು ಮೇಜಿನ ಮೇಲೆ ಉರುಳಿಸುತ್ತ ಹೇಳಿದ, “ಎಲೆಕ್ಷನ್ ಬಂದಾಗೆಲ್ಲ ನಾವು ಕಾದದ್ದು ಬರಿ ಶಬ್ದವನ್ನು.”

ಶಶಿರಾಜ್ ಉರುಳುತ್ತಿದ್ದ ತೋಟೆಯನ್ನು ಹಿಡಿದು ಮತ್ತೆ ಸಾಲಿನಲ್ಲಿಟ್ಟ.

ಒಳಗಿನ ಕೋಣೆಯಲ್ಲಿ ಮರದ ಚೌಕಟ್ಟಿಗೆ ಒರಗಿಸಿದ ಕೋವಿಗಳಿದ್ದವು. ಒಂದೊಂದರ ಕುತ್ತಿಗೆಗೂ ದಾರದಲ್ಲಿ ಚೀಟಿ. ಕೆಲವುಗಳ ಹಿಡಿ ಒರಲೆ ಹುಳ ತಿಂದು ಬೆಳ್ಳಗಾಗಿತ್ತು.

“ಇವೆಲ್ಲ ಯಾರದ್ದು?”

“ಸತ್ತವರದ್ದು. ಮಕ್ಕಳು ಬರುವುದಿಲ್ಲ.”

“ನನ್ನದು?”

“ನಿಮ್ಮದು ಇಲ್ಲೇ, ಬದಿಯಲ್ಲಿ. ಮಾರುವುದಾದ್ರೆ ಕಾಗದ ಕಳಿಸಿ, ನೋಡುವ.” ಹುಕ್ರಪ್ಪ ಜಾಗ ಮಾಡಿ ಕೋವಿಯನ್ನು ನಿಲ್ಲಿಸಿದ. ಖಾಲಿ ಚೀಲವನ್ನು ಎರಡು ಮಡಿಕೆ ಮಾಡಿ ಕೊಟ್ಟ. “ಇದು ನಿಮ್ಮದೇ ಸರ್. ತೆಗೊಂಡು ಹೋಗಿ.”

ಮೆಟ್ಟಿಲು ಇಳಿದ ಮೇಲೆ ಶಶಿರಾಜನಿಗೆ ತನ್ನ ನಿರ್ಧಾರ ನೆನಪಾಯಿತು. ಇಲ್ಲ ಎಂದರೆ ತಿರುಗಿ ಒಯ್ಯುವುದು ಎಂದಲ್ಲವೇ ಇದ್ದದ್ದು? ಆದರೆ ಹುಕ್ರಪ್ಪ ಇಲ್ಲ ಎಂದು ಹೇಳಲೇ ಇಲ್ಲ. ಬೆಳೆ ಉಂಟಾ ಎಂದು ಕೇಳಿದ, ಅಷ್ಟೆ. ಇಲ್ಲ ಎಂದಿದ್ದರೆ ಸಿಡಿಯಬಹುದಿತ್ತು. ಈಗ ಒಳಗೆ ಹೋಗಿ ಏನೆಂದು ಸಿಡಿಯುವುದು? ಅವನು ರಸ್ತೆ ದಾಟಿದ.

ತಿರುಗಿ ಬರುವಾಗ ಅದೇ ಬಸ್ಸು ಸಿಕ್ಕಿತು. ಅದೇ ಕಂಡಕ್ಟರ್.

“ಕೊಡೆ ಬಿಟ್ಟು ಬಂದ್ರಾ ಸರ್?”

“ಹೌದು,” ಎಂದ ಶಶಿರಾಜ್. “ರಿಪೇರಿಗೆ.”

ಮನೆಯ ದಾರಿಯಲ್ಲಿ ಇಳಿದು ಪೈಪು ತುಂಬಿಸಿದ. ಬಂಟ್ವಾಳದ ನಿಝಾಮುದ್ದೀನನ ಅಂಗಡಿಯ ಹೊಗೆಸೊಪ್ಪು, ಅವನ ತಮ್ಮ ದುಬೈಯಿಂದ ತರುವುದು. ಡಬ್ಬದ ತಳ ಕಾಣುತ್ತಿತ್ತು. ಕೋವಿ ಅಪ್ಪನದ್ದು. ಪೈಪು ಮಾತ್ರ ತನ್ನದು ಎಂದು ಅವನು ಎಷ್ಟೋ ವರ್ಷ ನಂಬಿದ್ದ. ಮೈಸೂರಿನ ಒಂದು ಸೆಮಿನಾರಿನಲ್ಲಿ ಪೈಪು ಸೇದುವ ಪ್ರೊಫೆಸರರೊಬ್ಬರು ಮಾತಾಡದೆ ಕುಳಿತಿದ್ದರೂ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅಲ್ಲಿಂದ ಬಂದ ವಾರವೇ ಅವನು ಒಂದನ್ನು ತರಿಸಿಕೊಂಡ. ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಎದುರಾದರೆ ಮುಖ ತಿರುಗಿಸತೊಡಗಿದರು. ಅದೂ ಅವನಿಗೆ ಇಷ್ಟವಾಯಿತು. ರುಚಿ ಮಾತ್ರ ಇವತ್ತಿನವರೆಗೆ ಹಿಡಿಸಿರಲಿಲ್ಲ.

ನಡೆಯುವಾಗ ಬಲಗಡೆಯ ಹೆಗಲು ತಾನಾಗಿ ಮೇಲೆದ್ದು ನಿಂತಿರುವುದು ಗೊತ್ತಾಯಿತು. ಇಲ್ಲದ ಪಟ್ಟಿ ಜಾರದಂತೆ ಅದು ಕಾಯುತ್ತಿತ್ತು. ಕೆಳಗಿಳಿಸಿದ. ನಾಲ್ಕು ಹೆಜ್ಜೆಗೆ ಮತ್ತೆ ಎದ್ದಿತು.

ಮನೆಯ ಕೆಳಗಿನ ಗದ್ದೆಯ ಅಂಚಿನ ಹುಣಿಯಲ್ಲಿ ನೋಣಯ್ಯ ನಿಂತಿದ್ದ. ನೆರೆಮನೆಯವನು. ಶಶಿರಾಜ್ ಹೋಗುತ್ತಾನೆಂದು ಗದ್ದೆಯನ್ನು ಗೇಣಿಗೆ ಹಿಡಿದು ಅಲಸಂಡೆ ಹಾಕಿದ್ದ. ಸಾಧನಾ ಬಿಸಾಡಲು ಹೇಳಿದ್ದ ಕಂದು ಬಣ್ಣದ ಕೋಟು, ಟೊಪ್ಪಿಗಳನ್ನು ಬೆಳಿಗ್ಗೆಯೇ ಕೇಳಿ ಒಯ್ದಿದ್ದ. ಅದೇ ಕೋಟಿನಲ್ಲಿ ಶಶಿರಾಜ್ ಅಷ್ಟು ವರ್ಷ ಪಾಠ ಮಾಡಿದ್ದು.

ಈಗ ಅದು ಅಲಸಂಡೆಯ ಚಪ್ಪರದ ನಡುವೆ ಒಂದು ಬೆದರುಬೊಂಬೆಯ ಮೈಮೇಲಿತ್ತು. ಒಳಗೆ ಬೈಹುಲ್ಲು. ಹೆಗಲಿಗೆ ಒಂದು ಬಿದಿರಿನ ಕೋಲು. ನೋಣಯ್ಯ ಬಲಗಡೆಯ ಹೆಗಲನ್ನು ತುಸು ಎತ್ತರ ಮಾಡಿದ್ದ.

“ಹೇಗೆ ಮಾಷ್ಟ್ರೇ? ಬೆಳಿಗ್ಗೆ ನನ್ನ ಹೆಂಡತಿ ನೋಡಿ ತಲೆಗೆ ಸೆರಗು ಎಳ್ಕೊಂಡ್ಳು. ನೀವೇ ಅಂತ.”

“ಚಂದ ಉಂಟು.”

“ಒಂದು ಕಡಿಮೆ.” ನೋಣಯ್ಯ ಅವನ ಬಾಯಿಯ ಕಡೆ ನೋಡಿದ. “ಸಾಧನಾ ಅಕ್ಕ ಹೇಳಿದ್ರು ಫೋನಿನಲ್ಲಿ, ಪೈಪು ಬಿಟ್ಟು ಹೋಗ್ತಾರೆ ಅಂತ.”

“ನಿನಗೆ ಫೋನ್ ಮಾಡಿದ್ಳಾ?”

“ಮನೆಯ ಬೀಗದ ಕೈಯ ವಿಷಯ ಮಾತಾಡ್ಲಿಕ್ಕೆ. ನೋಡಿ ಮಾಷ್ಟ್ರೇ, ಸತ್ಯ ಹೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಕೋವಿಗೆ ಒಂದು ಮಂಗ ಹೆದರಿದ್ದು ನಾನು ಕಂಡಿಲ್ಲ.”

“ಮತ್ತೆ ಓಡ್ತಿದ್ದದ್ದು?”

“ಹೊಗೆಗೆ. ಈ ವಾಸನೆ ಬಂತು ಅಂದ್ರೆ ಹಿಂದೆಯೇ ಒಂದು ಶಬ್ದ ಬರ್ತದೆ ಅಂತ ಅವಕ್ಕೆ ಗೊತ್ತು. ವಾಸನೆಗೇ ಜಾಗ ಖಾಲಿ ಮಾಡ್ತಿದ್ದವು. ನೀವು ಹೊಡೆಯುವುದು ಎಲ್ಲ ಓಡಿ ಆದ ಮೇಲೆ.” ನಕ್ಕ. “ನಾವು ಮನೆಯಲ್ಲಿ ಹೇಳ್ಲಿಕ್ಕುಂಟು, ಮಾಷ್ಟ್ರು ಮಂಗಗಳನ್ನು ಬೀಳ್ಕೊಡ್ತಾ ಇದ್ದಾರೆ ಅಂತ.”

ಶಶಿರಾಜನಿಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಕೈ ಏಳಲಿಲ್ಲ. ಬದಲಿಗೆ ಬಾಯಿಯಿಂದ, ಅವನು ಹೇಳಬೇಕೆಂದುಕೊಂಡಿರದ ಮಾತು ಬಂತು.

“ನೋಣಯ್ಯ, ನಾನು ಹೋಗದಿದ್ರೆ?”

ನೋಣಯ್ಯನ ನಗು ನಿಂತಿತು. ಅವನು ಅಲಸಂಡೆಯ ಚಪ್ಪರವನ್ನು ನೋಡಿದ. ಬಳ್ಳಿಯ ತುದಿಗಳಲ್ಲಿ ನೇರಳೆ ಹೂ ಬಿಟ್ಟಿತ್ತು.

“ಅಂದ್ರೆ?”

“ಸುಮ್ಮನೆ ಕೇಳಿದೆ.”

“ಅಕ್ಕ ಅಲ್ಲಿ ಒಬ್ರೇ ಅಲ್ವಾ.”

“ಹ್ಞೂಂ.”

“ಮತ್ತೆ ಹೂ ಬಂದಾಯ್ತು ಮಾಷ್ಟ್ರೇ,” ಎಂದ ನೋಣಯ್ಯ, ತಗ್ಗಿದ ದನಿಯಲ್ಲಿ. “ಈಗ ಹೇಗೆ?”

ಅಷ್ಟೇ. ತಾನು ಉಳಿಯುವುದಕ್ಕೆ ಅಡ್ಡಿಯಾಗಿ ನಿಂತದ್ದು ಸರಕಾರವಲ್ಲ, ಹೆಂಡತಿಯಲ್ಲ. ಅಲಸಂಡೆಯ ಹೂವು. ಶಶಿರಾಜ್ ಪೈಪನ್ನು ಬಾಯಿಯಿಂದ ತೆಗೆದು ಚಾಚಿದ.

“ತಗೊ. ಆರಿಲ್ಲ ಇನ್ನೂ.”

ನೋಣಯ್ಯ ಎರಡೂ ಕೈಯಲ್ಲಿ ತೆಗೆದುಕೊಂಡ. ಹುಣಿ ಇಳಿದು ಹೋಗಿ, ಬೊಂಬೆಯ ಹುಲ್ಲಿನ ಬಾಯಿಯಲ್ಲಿ ಸಿಕ್ಕಿಸಲು ನೋಡಿ, ಬೆಂಕಿಯ ಭಯದಿಂದ ಹಿಂದಕ್ಕೆ ತೆಗೆದ. ಕೊನೆಗೆ ತಂತಿಯ ತುಂಡಿನಿಂದ ಟೊಪ್ಪಿಯ ಮುಂದೆ ಗಾಳಿಗೆ ತೂಗುವಂತೆ ಕಟ್ಟಿದ. ತೆಳ್ಳಗಿನ ಹೊಗೆ ಏಳುತ್ತಿತ್ತು. ಅವನು ಹಿಂದೆ ಸರಿದು ನಿಂತು ತೃಪ್ತಿಯಿಂದ ನೋಡಿದ. ಆಮೇಲೆ ದನ ಕಟ್ಟಲು ಮನೆಗೆ ಹೋದ.

ಶಶಿರಾಜ್ ಜಗಲಿಯ ಮೆಟ್ಟಿಲಲ್ಲಿ ಕುಳಿತ. ಒಳಗೆ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು. ಜಗಲಿಯ ಗೋಡೆಯಲ್ಲಿ ಕೋವಿ ನೇತಾಡುತ್ತಿದ್ದ ಗೂಟಗಳು ಬರಿದಾಗಿದ್ದವು. ಮಧ್ಯಾಹ್ನ ಊಟ ಮಾಡಿರಲಿಲ್ಲ. ಉಳಿದಿದ್ದ ಬಾಳೆಹಣ್ಣಿನ ಚಿಪ್ಪನ್ನು ತಂದು ಪಕ್ಕದಲ್ಲಿಟ್ಟುಕೊಂಡ. ಬಾಯಿಗೆ ಏನೋ ಬೇಕೆನಿಸುತ್ತಿತ್ತು. ಹಣ್ಣಲ್ಲ.

ಪೈಪು ಆರುವ ಮೊದಲೇ, ಬಿಸಿಲು ಇಳಿಯುವಾಗ, ಆಚೆಯ ರಬ್ಬರಿನ ಮರಗಳಿಂದ ಮಂಗಗಳು ಬಂದವು. ಮೊದಲು ಒಂದು ದೊಡ್ಡ ಗಂಡು, ಹಿಂದೆ ಮರಿ ಅಪ್ಪಿಕೊಂಡ ಹೆಣ್ಣುಗಳು. ಗದ್ದೆಯ ಅಂಚಿಗೆ ಬಂದು ಗಂಡು ಥಟ್ಟನೆ ನಿಂತಿತು. ಮೂಗೆತ್ತಿತು. ಚಪ್ಪರದ ನಡುವೆ ಕೋಟು ತೊಟ್ಟವನು ಹೆಗಲಿಗೆ ಕೋಲಿಟ್ಟು ಹೊಗೆ ಬಿಡುತ್ತಿದ್ದ. ಗಂಡು ಗದರಿತು. ಹಿಂಡು ಚೆದುರಿ ಓಡಿತು.

ಶಶಿರಾಜ್ ಎದ್ದು ನಿಂತ. ಅಭ್ಯಾಸದಿಂದ. ಬಲಗೈ ಗೋಡೆಯ ಕಡೆ ಹೋಗಿ ಗೂಟವನ್ನು ಮುಟ್ಟಿ ಹಿಂದಕ್ಕೆ ಬಂತು. ಅವನು ಖಾಲಿ ಚೀಲವನ್ನು ಬೀಸಿ “ಹೋ” ಎಂದ. ದನಿ ಸಣ್ಣಗೆ ಬಂತು.

ಓಡುತ್ತಿದ್ದ ಗಂಡು ಅವನ ಅಂಗಳಕ್ಕೇ ಬಂತು. ಅವನನ್ನು ಒಮ್ಮೆ ನೋಡಿತು. ತೆಂಗಿನ ಮರವನ್ನೋ ಒಗೆಯುವ ಕಲ್ಲನ್ನೋ ನೋಡುವ ಹಾಗೆ. ಅವನು ಮತ್ತೆ “ಹೋ” ಎಂದ. ಅದು ಮೆಟ್ಟಿಲು ಹತ್ತಿತು. ಅವನು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ.

ಕಿಸೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಸಾಧನಾ. ಮಂಗ ಆ ಶಬ್ದಕ್ಕೂ ಕದಲಲಿಲ್ಲ. ಚಿಪ್ಪಿನಿಂದ ಒಂದು ಹಣ್ಣು ಕಿತ್ತು ಸುಲಿಯಿತು. ಅದರ ಬೆಚ್ಚಗಿನ ವಾಸನೆ ಅವನ ಮೂಗಿಗೆ ಬಡಿಯಿತು. ಗದ್ದೆಯ ಕಡೆಯಿಂದ ಗಾಳಿ ಬೀಸಿದಾಗ ಬೊಂಬೆಯ ಕೋಟು ಹಾರಾಡಿತು. ಮಂಗ ಬೆಚ್ಚಿ ಸರಿದು, ಶಶಿರಾಜನ ಬೆನ್ನ ಹಿಂದೆ ಮೈ ಒತ್ತಿ ಅಡಗಿ ಕುಳಿತಿತು. ಒಂದು ಕೈಯಿಂದ ಅವನ ಅಂಗಿಯನ್ನು ಹಿಡಿದುಕೊಂಡಿತ್ತು.

ಫೋನು ನಿಂತಿತು. ಮತ್ತೆ ಶುರುವಾಯಿತು.

ಅವನೂ ಅಲುಗಾಡಲಿಲ್ಲ. ಹೆಗಲ ಮೇಲಿನಿಂದ ಇಣುಕುತ್ತಿದ್ದ ಮಂಗದೊಂದಿಗೆ, ಗದ್ದೆಯಲ್ಲಿ ಹೊಗೆ ಬಿಡುತ್ತ ನಿಂತವನನ್ನು ನೋಡುತ್ತಿದ್ದ.